ಕಪ್ಪೆಯಾಟಕ್ಕೆ ವಿಭೂತಿ

ಟಿವಿಗೆ ವಿಡಿಯೋ ಗೇಮ್ ಸಿಕ್ಕಿಸುವುದು ಯಾವ ಮಹಾ ಕೆಲಸ! ಎರಡು ವೈರು, ಒಂದು ಪೆಟ್ಟಿಗೆ. ಹಗರಿಬೊಮ್ಮನಹಳ್ಳಿಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಅಷ್ಟು ದೊಡ್ಡ ಯಂತ್ರ ನಡೆಸುವವನಿಗೆ ಇದೊಂದು ಲೆಕ್ಕವೇ ಎಂದುಕೊಂಡು ಹೊರಟೆ.

ಆ ಪೆಟ್ಟಿಗೆ ನನ್ನ ಹೆಂಡತಿ ಗಿರಿಜೆಯದು. ಹಂಪಸಾಗರದ ಕಡೆಯ ಒಂದು ಶಾಲೆಯಲ್ಲಿ ಮೇಡಂ ಆಗಿದ್ದಳು. ಮಗ್ಗಿ ಎಂದರೆ ಅಳುವ ಮಕ್ಕಳಿಗಾಗಿ ಅದನ್ನು ತರಿಸಿದ್ದಳು. ಪರದೆಯ ಮೇಲೆ ಒಂದು ಕಪ್ಪೆ. ಅದರ ಮುಂದೆ ಎಡಕ್ಕೊಂದು, ಬಲಕ್ಕೊಂದು ಕಲ್ಲು. ಕಲ್ಲಿನ ಮೇಲೆ ಒಂದೊಂದು ಉತ್ತರ. ಸರಿಯಾದ ಕಲ್ಲಿಗೆ ಹಾರಿಸಿದರೆ ಕಪ್ಪೆ ಹಳ್ಳ ದಾಟುತ್ತದೆ, ತಪ್ಪಿದರೆ ಮುಳುಗುತ್ತದೆ. "ದೀಪಾವಳಿ ಸೂಟಿ ಮುಗಿದ ಮ್ಯಾಲೆ ತರ್ತೀನಿ" ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಸೂಟಿ ಮುಗಿಯಿತು. ಅವಳು ಇರಲಿಲ್ಲ.

ಆ ಮಾತು ಉಳಿಸಲು ನಾನು ಹೋದೆ. ಹೆಡ್ ಮಾಸ್ತರು ಮೊದಲೇ ಹೇಳಿದರು: "ನೋಡ್ರಿ, ಮೇಡಮ್ಮಾರ ಮ್ಯಾಲಿನ ಗೌರವಕ್ಕ ಒಪ್ಪೀನಿ. ಮಕ್ಕಳು ಕಲಿತಾರ ಅನ್ನಿಸಿದ್ರ ಇಲ್ಲೇ ಇರ್ಲಿ. ಬರೇ ಗದ್ಲ ಆದ್ರ ಮನಿಗೆ ಒಯ್ಬೇಕು."

ಇಷ್ಟು ಘನವಾದ ಕಾರ್ಯವನ್ನು ಪೂಜೆಯಿಲ್ಲದೆ ಆರಂಭಿಸುವುದುಂಟೆ? ಮಿಲ್ಲಿಗೆ ಹೊಸ ಬೆಲ್ಟ್ ಹಾಕಿದರೂ ವಿಭೂತಿ ಹಚ್ಚುವವರು ನಾವು. ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳು ಎಳೆದೆ. ಟಿವಿಗೆ ಎಳೆದೆ, ಪೆಟ್ಟಿಗೆಗೆ ಎಳೆದೆ, ಕೈಯಲ್ಲಿ ಹಿಡಿಯುವ ಬಟನ್ನುಗಳ ಮೇಲಂತೂ ಭಕ್ತಿಯಿಂದ ದಪ್ಪಗೆ ಎಳೆದೆ!

"ಸಾಕು ಬಿಡಲೇ, ಲಿಂಗ ಅಲ್ಲ ಅದು" ಎಂದ, ಟಿವಿ ಹೊತ್ತುಕೊಂಡು ಜೊತೆಗೆ ಬಂದಿದ್ದ ಪಕ್ಕದ ಮನೆಯ ಕೊಟ್ರೇಶ.

ಮೊದಲ ಲೆಕ್ಕ, ಮೂರು ನಾಲ್ಕಲೆ. "ಹನ್ನೆರಡು! ಎಡಕ್ಕ, ಎಡಕ್ಕ!" ಎಂದು ಮಕ್ಕಳು ಕೂಗಿದರು. ಒತ್ತಿದೆ. ಕಪ್ಪೆ ಹಾರಿತು, ಬದುಕಿತು. ಹೆಡ್ ಮಾಸ್ತರ ಕಡೆ ನೋಡಿ ಮೀಸೆ ತಿರುವಿದೆ.

ಸ್ವಲ್ಪ ಕಾಯಬೇಕಿತ್ತು. ವಿಭೂತಿಯ ಕೆಸರು ಸಂದಿಗಿಳಿದು ಎಡಗಡೆಯ ಬಟನ್ ಒಳಗೇ ಕಚ್ಚಿಕೊಂಡಿತ್ತು. ಮುಂದಿನ ಲೆಕ್ಕಕ್ಕೆ ಮಕ್ಕಳು "ಬಲಕ್ಕ!" ಎಂದು ಕಿರುಚಿದರೂ ಕಪ್ಪೆ ಎಡಕ್ಕೇ ಹಾರಿ ಮುಳುಗಿತು. ಬಟನ್ ಗುದ್ದಿದೆ. ಮುಳುಗಿತು. ಊದಿದೆ. ಮುಳುಗಿತು. ಕೊಟ್ರೇಶ ಪೆಟ್ಟಿಗೆಯನ್ನು ತಲೆಕೆಳಗು ಹಿಡಿದು ಝಾಡಿಸಿದ. ಆಗಲೂ ಮುಳುಗಿತು!

"ಎಂಥಾ ಕಪ್ಪಿಲೇ ಇದು, ಈಜಾಕ ಬರಂಗಿಲ್ಲ!" ಎಂದ. ತರಗತಿಯೆಲ್ಲ ನಕ್ಕಿತು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ನಗದೆ ಎದ್ದು ನಿಂತಳು.

"ನಾವು ಸರಿ ಹೇಳಿದ್ರೂ ಯಾಕ್ರಿ ಸಾಯ್ತೈತಿ?"

ಇದೇ ಪ್ರಶ್ನೆಯನ್ನು ನಾನು ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಕೇಳಿದ್ದೆ. ಗುಳಿಗೆ, ಪಥ್ಯ, ಎಲ್ಲವನ್ನೂ ಅವರು ಹೇಳಿದಂತೆಯೇ ಮಾಡಿದ್ದೆವು. ನಾನು ಟಿವಿ ಆರಿಸಿದೆ.

"ಮನಿಗೆ ಒಯ್ರಿ" ಎಂದರು ಹೆಡ್ ಮಾಸ್ತರು, ಮೆಲ್ಲಗೆ.

ಮನೆಯಲ್ಲಿ ಸೀಮೆಎಣ್ಣೆ ಬಟ್ಟೆಯಿಂದ ಬಟನ್ ಒರೆಸಿದೆ. ಪಟಪಟನೆ ಕೆಲಸ ಮಾಡತೊಡಗಿತು. ಮತ್ತೆ ಶಾಲೆಗೆ ಒಯ್ಯುವ ಮುಖ ನನಗಿಲ್ಲ. ಒಮ್ಮೊಮ್ಮೆ ಸಂಜೆ ಒಬ್ಬನೇ ಆಡುತ್ತೇನೆ. ಏಳು ಎಂಟಲೆ ಬಂದಾಗ ಅಡುಗೆಮನೆಯ ಕಡೆ ತಿರುಗಿ "ಎಷ್ಟ ಗಿರಿಜಾ?" ಎಂದು ಕೇಳುವ ರೂಢಿ ಇನ್ನೂ ಹೋಗಿಲ್ಲ. ಆಮೇಲೆ ತೋಚಿದ್ದನ್ನು ಒತ್ತುತ್ತೇನೆ.

ಈಗ ಬಟನ್ನಿನ ತಪ್ಪೇನೂ ಇಲ್ಲ. ಕಪ್ಪೆ ನನ್ನ ಮಗ್ಗಿಯಿಂದಲೇ ಸಾಯುತ್ತದೆ!