ಚಾಂದನಿಗೆ ನೀಲಿ ಹಾಕಿದ್ದು

ಕುದುರೆ ಲಾಯ ನಡೆಸುವುದು ಕಷ್ಟದ ಕೆಲಸ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಮೂವತ್ನಾಲ್ಕು ವರ್ಷ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಲವತ್ತು ಗುಮಾಸ್ತರನ್ನು ಸಂಭಾಳಿಸಿದವನು ನಾನು. ಗುಮಾಸ್ತರು ಚಹಾಕ್ಕೆಂದು ಎದ್ದು ಹೋದರೆ ಮರಳಿ ಬರುವ ಭರವಸೆ ಇರಲಿಲ್ಲ. ಕುದುರೆಗಳನ್ನಾದರೆ ಕಟ್ಟಿಹಾಕಿರುತ್ತಾರೆ!

ನನ್ನ ಹೆಂಡತಿ ಸುಮಿತ್ರಾಳ ತಮ್ಮನ ಮಗ ನಿಖಿಲನ ಮದುವೆ ಅಂಧೇರಿಯ ಒಂದು ಹಾಲ್‌ನಲ್ಲಿ ನಿಶ್ಚಯವಾಗಿತ್ತು. ಹುಡುಗಿ ರಿಯಾ, ಪಂಜಾಬಿ. ವರದಕ್ಷಿಣೆ ಬೇಡ, ಉಡುಗೊರೆ ಬೇಡ ಎಂದ ಆ ಹುಡುಗಿ ಕೇಳಿದ್ದು ಒಂದೇ ಒಂದು. ವರ ಬಿಳಿ ಕುದುರೆಯ ಮೇಲೆ ಬರಬೇಕು.

"ಮಾಮಾ, ಘೋಡಿ ಎಕ್ದಮ್ ವೈಟ್ ಬೇಕು ಹಾಂ," ಎಂದು ನಿಖಿಲ್ ತನ್ನ ಮುಂಬಯಿ ಕನ್ನಡದಲ್ಲಿ ಹೇಳಿದ. "ರಿಯಾ ಕೇಳಿದ್ದು ಬಸ್ ಅಷ್ಟೇ."

"ಅದನ್ನ ನನಗ ಬಿಡು," ಎಂದೆ. ಬೈಕುಲ್ಲಾದ ಗಲ್ಲಿಯೊಂದರಲ್ಲಿ ನನ್ನ ಹಳೆಯ ಗೆಳೆಯ ದಸ್ತಗೀರನ ಲಾಯವಿದೆ. ವಿಜಾಪುರದ ಕಡೆಯವನು. ನಾಲ್ಕು ಕುದುರೆಗಳ ಧಣಿ. ಮದುವೆಗೆ ಕಳಿಸುವ ಅವನ ಚಾಂದನಿ ಎಂಬ ಹೆಣ್ಣು ಕುದುರೆ ಎಷ್ಟು ಬಿಳಿ ಎಂದರೆ, ಅವಳ ಪಕ್ಕ ನಿಂತರೆ ನನ್ನ ಹೊಸ ಧೋತರವೂ ಮಾಸಿದಂತೆ ಕಾಣುತ್ತದೆ.

ಮದುವೆಗೆ ನಾಲ್ಕು ದಿನ ಇರುವಾಗ ದಸ್ತಗೀರನ ಫೋನ್ ಬಂತು. "ಸಾಬ್, ನನ್ನ ಎಡಗಣ್ಣಿನ ಪೊರಿ ತಗಿಯೂದು ಅದೇ ದಿನ ಬಂತ್ರೀ. ಲಾಯದಾಗ ಮಲ್ಲಪ್ಪ ಒಬ್ಬನ ಇರ್ತಾನ. ನಾಕ್ ಕುದ್ರಿ ಕೆಲಸ ಮುಗಿಸಿ, ಚಾಂದನೀನ ಸಿಂಗಾರ ಮಾಡಿ, ಆರಕ್ಕ ಅಂಧೇರಿ ಮುಟ್ಟಿಸೂದು ಮುಷ್ಕಿಲ್ ಐತಿ. ಬ್ಯಾರೆ ಘೋಡಿ ನೋಡ್ಕೋರಿ."

"ಬ್ಯಾರೆ ಯಾಕ? ನಾ ಬಂದು ಲಾಯ ನೋಡ್ಕೋತೀನಿ."

"ಆಪ್ ನಕ್ಕೋ ಸಾಬ್, ನೀವು ಬ್ಯಾಡ್ರಿ," ಎಂದು ಆ ಕಡೆಯಿಂದ ಕ್ಷೀಣ ಧ್ವನಿ ಬಂತು. ಅದನ್ನು ನಾನು ಸಂಕೋಚವೆಂದು ತಿಳಿದೆ.

ಸುಮಿತ್ರಾ ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಮಿಕ್ಸರ್ ರಿಪೇರಿ ಮಾಡ್ತೀನಂತ ಕೂತು ಇಡೀ ಬಿಲ್ಡಿಂಗಿನ ಲೈಟ್ ತಗದವ್ರು ನೀವು! ಇದು ನನ್ನ ತವರುಮನಿ ಮರ್ಯಾದಿ ಪ್ರಶ್ನೆ ಅದ. ನನ್ನ ತಮ್ಮ ಬೀಗರಿಗೆ ಮಾತು ಕೊಟ್ಟಾನ. ಬಿಳಿ ಕುದ್ರಿ ಬರಲಿಲ್ಲಂದ್ರ ಅವರ ಮುಂದ ನಾ ಹ್ಯಾಂಗ ಮುಖ ತೋರಿಸಲಿ?"

"ಬರ್ತದ. ಬಿಳೀನ ಬರ್ತದ," ಎಂದು ಅಭಯ ನೀಡಿದೆ.

ಸಿದ್ಧತೆಯಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ಮೂರು ಬಣ್ಣದ ಶಾಯಿಯಲ್ಲಿ ಒಂದು ಚಾರ್ಟ್ ತಯಾರಿಸಿದೆ. ಕ್ರಮಸಂಖ್ಯೆ, ಕೆಲಸದ ಸ್ವರೂಪ, ಜವಾಬ್ದಾರಿ, ಷರಾ! ಆಫೀಸಿನಲ್ಲಿ ನನ್ನದೊಂದು ತತ್ವವಿತ್ತು. ಅರ್ಜೆಂಟ್ ಫೈಲು ಯಾವಾಗಲೂ ಮೊದಲು. ಆ ದಿನದ ಅರ್ಜೆಂಟ್ ಫೈಲು ಚಾಂದನಿ. ಆದ್ದರಿಂದ ಬೆಳಿಗ್ಗೆ ಏಳಕ್ಕೆ ಅವಳ ಸ್ನಾನ, ಮೇವು ಎಂಟಕ್ಕೆ, ಲದ್ದಿ ತೆಗೆಯುವಂಥ ಸಾಮಾನ್ಯ ಫೈಲುಗಳು ಹತ್ತರ ಮೇಲೆ.

ಮದುವೆಯ ದಿನ ವಡಾಲದ ನಮ್ಮ ಮನೆಯಿಂದ ಹೊರಟು ಬೆಳಿಗ್ಗೆ ಆರೂವರೆಗೆ ಲಾಯ ತಲುಪಿದೆ. ಮಲ್ಲಪ್ಪ ಯಾದಗಿರಿಯ ಕಡೆಯ ಆಳು, ಹನ್ನೆರಡು ವರ್ಷದಿಂದ ಅಲ್ಲಿಯೇ ಕೆಲಸದಲ್ಲಿದ್ದಾನೆ. ಚಾರ್ಟನ್ನು ಎರಡು ಸಲ ನೋಡಿದ.

"ಅಕ್ಷರ ಭಾಳ ಚಂದ ಅದಾವ್ರಿ," ಎಂದ. "ಆದ್ರ ಸಾಹೇಬ್ರ, ಮೊದ್ಲು ಲದ್ದಿ ತಗೀಬೇಕ್ರಿ. ಆಮ್ಯಾಲ ಮೈ ತೊಳೀಬೇಕು."

"ಮಲ್ಲಪ್ಪ, ಹನ್ನೆರಡು ವರ್ಷದಿಂದ ಹಂಗ ಮಾಡೀರಿ. ಅದಕ್ಕ ದಿನಾ ತಡ ಆಗ್ತದ."

ನಾನು ಚಾರ್ಟನ್ನು ಕಂಬಕ್ಕೆ ನೇತುಹಾಕಿ, ಕೈ ಝಾಡಿಸಿಕೊಂಡು ತಿರುಗುವಷ್ಟರಲ್ಲಿ ಕರಕರ ಸದ್ದು ಕೇಳಿತು. ಬಾದಲ್ ಎಂಬ ಕಂದು ಕುದುರೆ ಚಾರ್ಟಿನ ಕೆಳಗಿನ ಅರ್ಧವನ್ನು ಷರಾ ಸಮೇತ ತಿಂದು ಮುಗಿಸಿತ್ತು! ಪರವಾಗಿಲ್ಲ, ಮೇಲಿನ ಅರ್ಧ ಉಳಿದಿತ್ತು.

ಏಳಕ್ಕೆ ಸರಿಯಾಗಿ ಚಾಂದನಿಯ ಸ್ನಾನ ಆರಂಭವಾಯಿತು. ಲಾಯದ ನಳದಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ತಾಸು ಮಾತ್ರ. ಅಷ್ಟರಲ್ಲಿ ಆರು ಡ್ರಮ್ ತುಂಬಿಕೊಳ್ಳಬೇಕು. ಎರಡು ಡ್ರಮ್ ಖರ್ಚು ಮಾಡಿ ಮಲ್ಲಪ್ಪ ಅವಳನ್ನು ತೊಳೆದ. ಎಂಥ ಬಿಳುಪು! ನಾನು ಫೋಟೋ ತೆಗೆದು ಸುಮಿತ್ರಾಗೆ ಕಳಿಸಿದೆ. "ಕೆಲಸ ಮುಗಿಯಿತು" ಎಂದು ಕೆಳಗೆ ಬರೆದೆ. ಆಗ ಏಳೂವರೆ.

ಏಳು ಮೂವತ್ತೈದಕ್ಕೆ ಚಾಂದನಿ ತನ್ನ ಜಾಗಕ್ಕೆ ಹೋಗಿ, ಮುಂಗಾಲು ಮಡಚಿ, ನಿಧಾನವಾಗಿ ಕೂತು, ರಾತ್ರಿಯ ಲದ್ದಿಯ ಮೇಲೆ ಬೆನ್ನು ಊರಿ ನಾಲ್ಕೂ ಕಾಲು ಮೇಲೆತ್ತಿದಳು. ಒಂದು ಮಗ್ಗಲು ಹೊರಳಿದಳು. ಇನ್ನೊಂದು ಮಗ್ಗಲು ಹೊರಳಿದಳು. ಬಹಳ ಸುಖವಾಗಿದ್ದಂತೆ ಕಂಡಿತು.

"ಮಲ್ಲಪ್ಪ! ಏನಿದು?"

"ಮೈ ತೊಳದ್ರ ಕುದ್ರಿ ಹೊಳ್ಳಾಡ್ತಾವ್ರಿ. ಅದಕ್ಕ ಮೊದ್ಲು ಲದ್ದಿ ತಗಿಯೂದು."

ಹನ್ನೆರಡು ವರ್ಷದ ಪದ್ಧತಿಗೆ ಕಾರಣವಿತ್ತು ಎಂಬುದು ನನಗೆ ಆಗ ತಿಳಿಯಿತು. ಲದ್ದಿ ತೆಗೆದು ಮತ್ತೆ ಎರಡು ಡ್ರಮ್ ಸುರಿದೆವು. ಚಾಂದನಿ ಸ್ವಚ್ಛವಾದಳು, ಆದರೆ ಎರಡೂ ಮಗ್ಗಲಿಗೆ ಹಳದಿ ಕಲೆ ಉಳಿಯಿತು. ಸಾಬೂನಿಗೂ ಹೋಗಲಿಲ್ಲ, ನನ್ನ ಗದರಿಕೆಗೂ ಹೋಗಲಿಲ್ಲ. ಉಳಿದ ಎರಡು ಡ್ರಮ್ಮಿನ ಮುಂದೆ ಮಲ್ಲಪ್ಪ ಕೈಕಟ್ಟಿ ನಿಂತ. "ಇದು ಕುದ್ರಿ ಕುಡಿಯೂ ನೀರ್ರಿ. ಇದಕ್ಕ ಕೈ ಹಚ್ಚಬ್ಯಾಡ್ರಿ. ಒಂದ ಬಕೀಟ್ ಬೇಕಾದ್ರ ಕೊಡ್ತೀನಿ."

ಒಂದು ಬಕೆಟ್ಟು! ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಹಳದಿಗಟ್ಟಿದ ಧೋತರಕ್ಕೆ ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ? ನೀಲಿ ಹಾಕುತ್ತೇವೆ! ಓಡಿಹೋಗಿ ಗಲ್ಲಿಯ ಅಂಗಡಿಯಿಂದ ನೀಲಿಯ ಬಾಟಲಿ ತಂದೆ. ಒಂದು ಧೋತರಕ್ಕೆ ನಾಲ್ಕು ಹನಿ ಎಂದು ಬರೆದಿತ್ತು. ಒಂದು ಕುದುರೆಗೆ ಎಷ್ಟು ಧೋತರ ಎಂಬುದನ್ನು ಬರೆದಿರಲಿಲ್ಲ. ನಾನೇ ಲೆಕ್ಕ ಹಾಕಿದೆ. ಹೊಟ್ಟೆಯ ಸುತ್ತಳತೆ, ಬೆನ್ನಿನ ಉದ್ದ, ಕಾಲು ನಾಲ್ಕು, ಬಾಲ ಪ್ರತ್ಯೇಕ. ಇಡೀ ಬಾಟಲಿ ಬೇಕೆಂದು ಬಂತು.

ಮಲ್ಲಪ್ಪ ಮೇವು ತರಲು ಹೋಗಿದ್ದ. ಅವನು ಬರುವುದರೊಳಗೆ ಮುಗಿಸಿ ಬೆರಗುಗೊಳಿಸೋಣ ಎಂದು ಎರಡೂ ಕೈಯಿಂದ ಉಜ್ಜಿದೆ. ಅವನು ಬಂದು ಬೆರಗಾದದ್ದಂತೂ ನಿಜ. ಮೇವಿನ ಕಟ್ಟು ಅವನ ತಲೆಯ ಮೇಲಿಂದ ಜಾರಿ ಕೆಳಗೆ ಬಿತ್ತು.

ಮಳೆಗಾಲಕ್ಕೆ ಮುಂಚೆ ಮುಂಬಯಿಯ ಮಾಡುಗಳಿಗೆಲ್ಲ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸುತ್ತಾರಲ್ಲ, ಚಾಂದನಿ ಆ ಬಣ್ಣವಾಗಿದ್ದಳು. ನನ್ನ ಕೈಗಳೂ ಮೊಳಕೈವರೆಗೆ ಅದೇ ಬಣ್ಣ!

"ಒಣಗಿದ ಮ್ಯಾಲ ಬೆಳ್ಳಗ ಆಗ್ತದ," ಎಂದೆ. ಒಣಗಿತು. ಇನ್ನೂ ನೀಲಿಯಾಯಿತು.

ಇಷ್ಟು ಸಾಲದೆಂಬಂತೆ ಎರಡು ಗಂಟೆಗೆ ದಸ್ತಗೀರ್ ಬಂದುಬಿಟ್ಟ. ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ, ಅಳಿಯನ ಕೈ ಹಿಡಿದುಕೊಂಡು, ಎಡಗಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಚಾಂದನಿಯನ್ನು ಒಮ್ಮೆ ನೋಡಿಕೊಂಡು ಹೋಗೋಣ ಎಂದು ಬಂದಿದ್ದ. ನೋಡಿದ. ಪಟ್ಟಿಯಿಲ್ಲದ ಕಣ್ಣನ್ನು ಉಜ್ಜಿಕೊಂಡ. ಮತ್ತೆ ನೋಡಿದ.

"ಯಾ ಅಲ್ಲಾ! ಡಾಕ್ಟರ್ ಕೊಯ್ದಿದ್ದು ಎಡಗಣ್ಣು. ಬಲಗಣ್ಣಿಗಿ ಏನಾತ್ರೀ?"

ಅಳಿಯನ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ಕ್ಷಣ ನನಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ನಿಜ ಹೇಳಿದರೆ ಗೆಳೆತನ ಹೋಗುತ್ತದೆ. ಹೇಳದಿದ್ದರೆ ಪಾಪ, ಬಲಗಣ್ಣಿಗೂ ಕತ್ತರಿ ಬೀಳುತ್ತದೆ. ಕೊನೆಗೆ ನೀಲಿ ಕೈಗಳನ್ನು ಮುಂದೆ ಚಾಚಿ ಎಲ್ಲವನ್ನೂ ಒಪ್ಪಿಕೊಂಡೆ. ನಿಜಕ್ಕೂ ನಾಚಿಕೆಯಾಯಿತು. ಅವನು ಚಾಂದನಿಯ ಕೊರಳಿಗೆ ಹಣೆ ಆನಿಸಿ "ಮೇರಿ ಬಚ್ಚಿ, ನನ್ನ ಕೂಸ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಸಿಟ್ಟಿಗಿ ಬರಬ್ಯಾಡ ಅಂತ ಡಾಕ್ಟರ್ ಹೇಳ್ಯಾರ್ರೀ. ಅದಕ್ಕ ಸುಮ್ನದೀನಿ," ಎಂದು ಹೊರಟುಹೋದ.

ಅಷ್ಟರಲ್ಲಿ ಸುಮಿತ್ರಾಳ ಫೋನ್. "ಫೋಟೋ ಬೀಗರಿಗೆಲ್ಲ ತೋರಿಸ್ದೆ. ಭಾಳ ಖುಷಿ ಆಗ್ಯಾರ. ಕುದ್ರಿ ಹ್ಯಾಂಗದ?"

"ಆರಾಮ ಅದ," ಎಂದೆ. ಸುಳ್ಳಲ್ಲ. ಕುದುರೆ ಆರಾಮವಾಗಿಯೇ ಇತ್ತು.

ಇನ್ನು ಉಳಿದದ್ದು ಒಂದೇ ಉಪಾಯ. ಗಲ್ಲಿಯ ಮೂರು ಅಂಗಡಿ ಸುತ್ತಿ ಹದಿನಾಲ್ಕು ಡಬ್ಬಿ ಚಂದನದ ವಾಸನೆಯ ಟಾಲ್ಕಂ ಪೌಡರ್ ತಂದೆ. ಕಣ್ಣು ಮೂಗು ಬಿಟ್ಟು ಚಾಂದನಿಗೆ ಅಂಗುಲ ಅಂಗುಲಕ್ಕೂ ಬಳಿದೆ. ಮಲ್ಲಪ್ಪ ಡಬ್ಬಿಯ ಮುಚ್ಚಳ ತೆಗೆಯುತ್ತ ಕೇಳಿದ, "ಸಾಹೇಬ್ರ, ಇದು ಚಾರ್ಟ್‌ನಾಗ ಇತ್ತೇನ್ರಿ?"

"ಬಾದಲ್ ತಿಂದ ಭಾಗದಾಗ ಇತ್ತು."

ಆರಕ್ಕೆ ಐದು ನಿಮಿಷವಿರುವಾಗ ಟೆಂಪೋ ಅಂಧೇರಿ ಮುಟ್ಟಿತು. ಕೆಂಪು ಮಖಮಲ್ಲಿನ ಜೂಲು ಹೊದ್ದು, ಕೊರಳಿಗೆ ಗೆಜ್ಜೆ ಕಟ್ಟಿಕೊಂಡು ಚಾಂದನಿ ಮಲ್ಲಪ್ಪನ ಹಿಂದೆ ಇಳಿದಳು. ಹಾಲಿನಂಥ ಬಿಳಿ! ಸುಮಿತ್ರಾ ದೂರದಿಂದಲೇ ನನ್ನ ಕಡೆ ನೋಡಿ ನಕ್ಕಳು. ಅಂಥ ನಗೆ ನೋಡಿ ಎಷ್ಟೋ ವರ್ಷವಾಗಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮೆರೂನ್ ಶೇರ್ವಾನಿಯ ನಿಖಿಲ್ ಹತ್ತಿ ಕುಳಿತು, "ವಾವ್ ಮಾಮಾ, ಸ್ಮೆಲ್ ಭೀ ಮಸ್ತ್ ಅದ!" ಎಂದ.

ಬ್ಯಾಂಡು ಶುರುವಾಯಿತು. ಮದುವೆಯ ಕುದುರೆಗೆ ಡೋಲು ಕೇಳಿದರೆ ಕುಣಿಯುವುದನ್ನು ಕಲಿಸಿರುತ್ತಾರೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಪೆಟ್ಟಿಗೆ ಚಾಂದನಿ ಮೈ ಕೊಡವಿದಳು. ಭುಸ್ಸೆಂದು ಒಂದು ಬಿಳಿ ಮೋಡ ಎದ್ದಿತು! ಎರಡನೇ ಪೆಟ್ಟಿಗೆ ಇನ್ನೊಂದು ಮೋಡ. ಕಹಳೆ ಊದುವವನು ಕೆಮ್ಮಿದ. ಕುಣಿಯುತ್ತಿದ್ದ ಹುಡುಗರು ಹೊಗೆಯ ಯಂತ್ರ ತರಿಸಿದ್ದಾರೆಂದು ತಿಳಿದು ಕೇಕೆ ಹಾಕಿದರು. ರಸ್ತೆಯಿಂದ ಹಾಲ್‌ನ ಗೇಟಿಗೆ ನೂರು ಹೆಜ್ಜೆ. ಹೆಜ್ಜೆ ಹೆಜ್ಜೆಗೂ ಕುದುರೆ ನೀಲಿಯಾಗುತ್ತ ಹೋಯಿತು, ಹುಡುಗನ ಕಡೆಯವರು ಬಿಳಿಯಾಗುತ್ತ ಹೋದರು. ಗೇಟು ಮುಟ್ಟುವಾಗ ನಮ್ಮ ಕಡೆಯ ಬಳಗವೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿತ್ತು. ನಿಖಿಲ್ ಸೀನುತ್ತಿದ್ದ. ನಡುವೆ ಅಚ್ಚ ನೀಲಿ ಚಾಂದನಿ ಉತ್ಸಾಹದಿಂದ ಕುಣಿಯುತ್ತಿದ್ದಳು!

ಬ್ಯಾಂಡು ನಿಂತಿತು. ಸುಮಿತ್ರಾ ಕಣ್ಣು ಮುಚ್ಚಿಕೊಂಡಳು. ಹಾರ ಹಿಡಿದು ನಿಂತಿದ್ದ ರಿಯಾ ಕುದುರೆಯನ್ನು ನೋಡಿದಳು, ನಿಖಿಲನನ್ನು ನೋಡಿದಳು, ಆಮೇಲೆ ನಗತೊಡಗಿದಳು. ಎಷ್ಟು ನಕ್ಕಳೆಂದರೆ ಕುರ್ಚಿ ತರಿಸಿ ಕೂರಿಸಬೇಕಾಯಿತು. "ವೈಟ್ ಘೋಡಿ ಮಾಂಗೀ ಥೀ, ವೈಟ್ ದೂಲ್ಹಾ ಮಿಲಾ!" ಎಂದಳು. ಬಿಳಿ ಕುದುರೆ ಕೇಳಿದವಳಿಗೆ ಬಿಳಿ ವರ ಸಿಕ್ಕಿದ್ದ. ಅವಳ ಅಪ್ಪನೂ ನಕ್ಕ. ಬಣ್ಣ ಬದಲಿಸುವ ಕುದುರೆಯನ್ನು ಜೀವಮಾನದಲ್ಲಿ ಕಂಡಿಲ್ಲವೆಂದು ಮಲ್ಲಪ್ಪನನ್ನು ಅಪ್ಪಿಕೊಂಡು, ಶಾಲು ಹೊದಿಸಿ, ಒಳಗಿನಿಂದ ಮಿಠಾಯಿ ತರಿಸಿ ಬಾಯಿಗೆ ಇಟ್ಟ. ಸುಮಿತ್ರಾಳ ತವರಿನ ಮರ್ಯಾದೆ ಉಳಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಎಲ್ಲರ ಹಿಂದೆ ನಾನೂ ಒಳಗೆ ಹೊರಟೆ. ಬಾಗಿಲಲ್ಲಿ ವಾಚ್‌ಮನ್ ಕೋಲು ಅಡ್ಡ ಹಿಡಿದ. "ಕಿಧರ್? ಘೋಡೇವಾಲೇ ಬಾಹರ್!" ಕುದುರೆಯವರೆಲ್ಲ ಹೊರಗಿರಬೇಕಂತೆ.

"ನಾನು ಹುಡುಗನ ಮಾಮಾ!" ಎಂದು ಹಿಂದಿಯಲ್ಲಿ ಹೇಳಿದೆ.

ಅವನು ನನ್ನ ನೀಲಿ ಕೈ ನೋಡಿದ, ಪೌಡರ್ ತುಂಬಿದ ತಲೆ ನೋಡಿದ, ಮೂಗು ಮುಚ್ಚಿಕೊಂಡ. "ಹಾಂ ಹಾಂ, ಇಧರ್ ಸಬ್ ಮಾಮಾ ಹೈ."

ಅದೃಷ್ಟಕ್ಕೆ ಸುಮಿತ್ರಾ ರಿಯಾಳ ತಾಯಿಯೊಂದಿಗೆ ಅದೇ ಬಾಗಿಲಿಗೆ ಬಂದಳು. ನಾನು ಕೈಬೀಸಿದೆ. ಆ ತಾಯಿ ಮರ್ಯಾದಸ್ಥರು. ನನ್ನನ್ನು ತೋರಿಸಿ ಮೆಲ್ಲಗೆ ಕೇಳಿದರು, "ಯೇ ಲಡಕೇವಾಲೋಂ ಕೀ ತರಫ್ ಸೇ ಹೈಂ?"

ಸುಮಿತ್ರಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ನಹೀಂ ಜೀ," ಎಂದಳು. "ಯೇ ಘೋಡೀ ಕೀ ತರಫ್ ಸೇ ಹೈಂ."

ಹುಡುಗನ ಕಡೆಯೂ ಅಲ್ಲ, ಹುಡುಗಿಯ ಕಡೆಯೂ ಅಲ್ಲ, ಕುದುರೆಯ ಕಡೆಯವನಾಗಿ ನಾನು ಪಾರ್ಕಿಂಗಿಗೆ ನಡೆದೆ. ಅಲ್ಲಿ ಟೆಂಪೋದ ಪಕ್ಕದಲ್ಲಿ ಶಾಲು ಹೊದ್ದ ಮಲ್ಲಪ್ಪ ಪೂರಿ ತಿನ್ನುತ್ತಿದ್ದ. ನಾನು ಚಾಂದನಿಯ ಹತ್ತಿರ ಹೋಗಿ ನಿಂತೆ. ಅವಳು ಒಮ್ಮೆ ನನ್ನ ಕೈ ಮೂಸಿ ನೋಡಿದಳು. ಆಮೇಲೆ ನಾಲ್ಕು ಹೆಜ್ಜೆ ಸರಿದು ಮಲ್ಲಪ್ಪನ ಆ ಕಡೆಗೆ ಹೋಗಿ ನಿಂತಳು.

ಕುದುರೆಯ ಕಡೆಯವರೂ ನನ್ನನ್ನು ಸೇರಿಸಿಕೊಳ್ಳಲಿಲ್ಲ!