ಪಡುಬೈಲಿನ ಒಗೆಯುವ ಕಲ್ಲು

ಹಯಗ್ರೀವ ಮಾಷ್ಟ್ರು ಅಂಗಿಗೆ ಸಾಬೂನು ಸ್ವಲ್ಪ ಹೆಚ್ಚು ಹಾಕಿದ್ದೇ ತಪ್ಪಾಯಿತು. ಬಾವಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ನೀರು ಸುರಿದರೂ ನೊರೆ ಅಲ್ಲಲ್ಲಿ ಗೆರೆಗೆರೆಯಾಗಿ ಉಳಿಯಿತು. ಬಗ್ಗಿ ನೋಡಿದರೆ ಗೆರೆಗಳಲ್ಲ, ಹಳಗನ್ನಡದ ಅಕ್ಷರಗಳು! ಮೇಲ್ತುದಿಯಲ್ಲಿ ಸೂರ್ಯ, ಚಂದ್ರ. ಶತಮಾನಗಳಿಂದ ಸುಮ್ಮನಿದ್ದ ಕಲ್ಲು ತಮ್ಮೊಬ್ಬರ ಜತೆ ಮಾತಿಗೆ ತೊಡಗಿದಂತೆ ಅವರ ಮೈ ಜುಮ್ಮೆಂದಿತು.

“ಬಾಯೀ!” ಎಂದು ಕೂಗಿದರು.

ಮನೆಯೊಡತಿ ಮ್ಯಾಗ್ಡಲಿನ್ ಬಾಯಿ ಓಡಿ ಬಂದರು. “ಎಂತ ಮಾಷ್ಟ್ರೇ, ಸಾಬೂನು ಕಣ್ಣಿಗೆ ಹೋಯಿತಾ?”

“ಇದು ಶಾಸನ ಬಾಯಿ! ಇನ್ನು ಇದರ ಮೇಲೆ ಬಟ್ಟೆ ಒಗೆಯಬಾರದು.”

“ಮತ್ತೆ ನಿಮ್ಮ ತಲೆಯ ಮೇಲೆ ಒಗೆಯುವುದಾ? ಸಂಜೆಯೊಳಗೆ ಬೇರೆ ಕಲ್ಲು ತಂದು ಹಾಕಿ. ಇಲ್ಲದಿದ್ದರೆ ರೂಮು ಖಾಲಿ ಮಾಡಿ.”

ಕಾಪು ಹತ್ತಿರದ ಆ ಪಡುಬೈಲಿನಲ್ಲಿ ಒಂಟಿ ಗಂಡಸಿಗೆ ಬಾಡಿಗೆಗೆ ಸಿಗುವ ರೂಮು ಅದೊಂದೇ.

ಬೇಲಿಯಾಚೆಯಿಂದ ದಿನಸಿ ಅಂಗಡಿಯ ಬೀರಾನ್ ಕತ್ತು ಚಾಚಿದ. “ನಿಧಿ ಎಲ್ಲಿ ಉಂಟು ಅಂತ ಬರೆದದ್ದಾ?”

“ಇಲ್ಲ, ಯಾರೋ ದೇವಸ್ಥಾನಕ್ಕೆ ಗದ್ದೆ ಬಿಟ್ಟದ್ದು.”

“ಗದ್ದೆಯಾ! ಅದು ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟ ಒಕ್ಕಲಿಗೆ ಯಾವಾಗಲೋ ಆಗಿರುತ್ತದೆ ಮಾರಾಯ್ರೇ!”

ಶಾಲೆಗೆ ರಜೆ ಚೀಟಿ ಕಳುಹಿಸಿ ಮಾಷ್ಟ್ರು ಉಡುಪಿಯ ಬಸ್ಸು ಹತ್ತಿದರು. ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತರು ಕಿವಿ ಕೆರೆದುಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. “ಕಲ್ಲಾದರೆ ಗಣಿಯವರದ್ದು. ಅಕ್ಷರವಾದರೆ ವಿದ್ಯಾ ಇಲಾಖೆಯದ್ದು. ಎರಡೂ ಒಟ್ಟಿಗೆ ಇದ್ದರೆ ನಿಮ್ಮ ಪಂಚಾಯತಿನದ್ದು” ಎಂದು ತೀರ್ಪು ಕೊಟ್ಟರು.

ಪಂಚಾಯತಿನ ಚೇರ್ಮನ್ ದೂಮಪ್ಪ ಕೇಳಿದ ಮೊದಲ ಪ್ರಶ್ನೆ, “ಎಷ್ಟು ಉದ್ದ ಉಂಟು? ಚರಂಡಿಗೆ ಹಾಸಲಿಕ್ಕೆ ನಮಗೆ ಒಂದು ಕಲ್ಲು ಕಡಿಮೆ ಬಿದ್ದಿದೆ.”

ಮಾಷ್ಟ್ರ ಮುಖ ಬಿಸಿಲಿಗೆ ಹಾಕಿದ ಬೂತಾಯಿ ಮೀನಿನಂತಾಯಿತು. ಅದನ್ನು ಕಂಡು ದೂಮಪ್ಪನವರಿಗೆ ಕನಿಕರವಾಯಿತೋ, ಮರುದಿನ ದೊಡ್ಡ ಸಾಹೇಬರು ಊರಿಗೆ ಬರುವುದು ನೆನಪಾಯಿತೋ, “ಹೆದರಬೇಡಿ, ಸಂಜೆಯೊಳಗೆ ಶಾಸನಕ್ಕೆ ರಕ್ಷಣೆ ಕೊಡಿಸುತ್ತೇನೆ” ಎಂದುಬಿಟ್ಟರು.

ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಉಬ್ಬಿದ ಮಾಷ್ಟ್ರು ಕಾರ್ಕಳಕ್ಕೆ ಓಡಿದರು. ಒಗೆಯಲು ತಕ್ಕ ಕರಿಕಲ್ಲೊಂದನ್ನು ಆರಿಸಿ, ಲಾರಿಯ ಹಿಂಬದಿಯಲ್ಲಿ ಅದರ ಜತೆ ತಾವೂ ಎಗರುತ್ತಾ ಊರಿಗೆ ಮರಳಿದಾಗ ಸೂರ್ಯ ಕಡಲಿಗೆ ಇಳಿಯುತ್ತಿದ್ದ.

ಬಾವಿಯ ಪಕ್ಕದಲ್ಲಿ ಹೊಸ ಬೋರ್ಡು ಹೊಳೆಯುತ್ತಿತ್ತು: ‘ಪುರಾತನ ಶಾಸನ. ಮುಟ್ಟಿದವರನ್ನು ಶಿಕ್ಷಿಸಲಾಗುವುದು.’

ಮಾಷ್ಟ್ರ ಕಣ್ಣು ತುಂಬಿತು. ಆಮೇಲೆ ಸುತ್ತ ನೋಡಿದರು. “ಶಾಸನ ಎಲ್ಲಿ?”

“ಅಡಿಯಲ್ಲೇ ಉಂಟಲ್ಲ!” ಎಂದರು ದೂಮಪ್ಪ. “ಇಲ್ಲಿ ಪೂರಾ ಹೊಯಿಗೆ, ಬರೇ ಮರಳು. ಕಡಲಿನ ಗಾಳಿಗೆ ಬೋರ್ಡು ನಿಲ್ಲಬೇಡವಾ? ಆ ಕಲ್ಲನ್ನೇ ಒಡೆಸಿ ಕಂಬದ ಬುಡಕ್ಕೆ ಕಾಂಕ್ರೀಟು ಹಾಕಿಸಿದೆ. ಇನ್ನು ಆನೆ ಗುದ್ದಿದರೂ ಅಲ್ಲಾಡುವುದಿಲ್ಲ.”

ಮಾಷ್ಟ್ರು ಬಗ್ಗಿ ಕಂಬದ ಬುಡ ನೋಡಿದರು. ಕಲ್ಲು ಹೇಳಬೇಕಾದ ಮಾತೆಲ್ಲ ಕಾಂಕ್ರೀಟಿನೊಳಗಿತ್ತು.

“ಹೊಸತು ಬರುತ್ತದಲ್ಲ ಅಂತ ನಾನೇ ಒಡೆಯಲಿಕ್ಕೆ ಬಿಟ್ಟೆ” ಎಂದರು ಬಾಯಿ. ಲಾರಿಯಿಂದ ಇಳಿಸಿದ ಕಲ್ಲನ್ನು ಸವರಿ ನೋಡಿದರು. “ಒಳ್ಳೆಯದುಂಟು. ರೂಮಿನಲ್ಲಿ ಇರಿ ಮಾಷ್ಟ್ರೇ.” ಬಕೆಟ್ಟಿನಿಂದ ಒದ್ದೆ ಚಾದರ ಎತ್ತಿದರು.

“ಬಾಯಿ, ಮುಟ್ಟಬೇಡಿ!” ದೂಮಪ್ಪ ಅಡ್ಡ ನಿಂತರು. “ನಾಳೆ ಸಾಹೇಬರಿಗೆ ಬರೇ ಬೋರ್ಡು ತೋರಿಸುವುದಾ? ಇನ್ನು ಇದೇ ಶಾಸನ.”

“ಇದರಲ್ಲಿ ಒಂದು ಅಕ್ಷರವೂ ಇಲ್ಲವಲ್ಲ!” ಮಾಷ್ಟ್ರು ಚೀರಿದರು.

“ಅಕ್ಷರ ಹುಟ್ಟುವ ಮೊದಲಿನದ್ದು ಅಂತ ಹೇಳುವ.”

ಬಾಯಿ ಚಾದರವನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದರು. ಹೊರಬಂದದ್ದು ಮಾಷ್ಟ್ರ ಟ್ರಂಕು, ಅದರ ಹಿಂದೆ ಹಾಸಿಗೆಯ ಸುರುಳಿ. ಬಾಗಿಲು ಮುಚ್ಚಿತು.

ಮಾಷ್ಟ್ರು ಹೊಸ ಕಲ್ಲಿನ ಮೇಲೆ ಕೂತುಬಿಟ್ಟರು.

ದೂಮಪ್ಪ ಬೋರ್ಡಿಗೆ ಬೆರಳು ಬಡಿದು ತೋರಿಸಿದರು. “ಏಳಿ ಮಾಷ್ಟ್ರೇ, ಏಳಿ. ಓದಿದವರು ನೀವೇ ಶಾಸನದ ಮೇಲೆ ಕೂತರೆ ಹೇಗೆ?”