ಖಾಲಿ ಚೀಟಿಯ ಪರೀಕ್ಷೆ

ನನ್ನ ಚಿಕ್ಕಪ್ಪನ ಮಗನಷ್ಟು ಅಪನಂಬಿಕೆಯ ಮನುಷ್ಯ ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ಒಂದು ಚೀಲ ಅಕ್ಕಿ ನನ್ನ ಕಡೆಯಿಂದ. (ಸಾಗಿಸುವ ಖರ್ಚು ನಿಮ್ಮದು.) ಮಾನ್ವಿಯ ನನ್ನ ಅಕ್ಕಿ ಗಿರಣಿಯ ಬಾಗಿಲಲ್ಲಿ ನಿಂತು, ಎದುರಿಗೇ ಕುಳಿತ ನನ್ನನ್ನು ಕೇಳುತ್ತಿದ್ದ:

"ಅಣ್ಣಾ, ಅದೀಯೇನು?"

"ಕಣ್ಣು ಕಾಣಂಗಿಲ್ಲೇನಲೇ? ನಾ ಏನು ಗ್ವಾಡಿಗಿ ಹಾಕಿದ ಫೋಟೋನಾ?"

"ಕೇಳಿದ್ರ ಏನು ಖರ್ಚು ಬರ್ತದ?"

ಖರ್ಚಿನ ಮಾತು ತೆಗೆದರೆ ನನ್ನ ಬಾಯಿ ಕಟ್ಟುತ್ತದೆಂದು ಅವನಿಗೆ ಗೊತ್ತು.

ಎಂಬತ್ತರ ದಶಕದ ಕೊನೆ. ಅವನು ರಾಯಚೂರಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿತಿದ್ದ. ನಾನು ಚೌಕಾಸಿ ಮಾಡಿ ತಂದ ಹಳೆಯ ಕಂಪ್ಯೂಟರಿನಲ್ಲಿ ಭತ್ತ ತರುವವರ ಪಟ್ಟಿ ಮಾಡಿಕೊಡಲು ಬಂದವನು ವಾರದ ಕೆಲಸಕ್ಕೆ ತಿಂಗಳು ಕೂತ. ಆ ಭಾಷೆಯಲ್ಲಿ ಪಾಯಿಂಟರ್ ಎಂದರೆ, ಬೇಕಾದ ಮಾಹಿತಿ ಎಲ್ಲಿದೆಯೆಂದು ವಿಳಾಸ ಬರೆದ ಚೀಟಿಯಂತೆ. ಚೀಟಿ ಖಾಲಿಯಿದ್ದರೆ ಅದು ನಲ್. ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಬೇರೆ ಮಾಡಿ, ಮೊದಲು ಖಾಲಿ ಚೀಟಿ ಕೊಟ್ಟೇ ಪರೀಕ್ಷಿಸುತ್ತಿದ್ದ.

"ಅಲ್ಲಲೇ, ಖಾಲಿ ಚೀಟಿ ಯಾರು ಕೊಡ್ತಾರ?"

"ಯಾರೂ ಕೊಡಂಗಿಲ್ಲ ಅಂತ ಕುಂತಾಗ ಬರ್ತದಣ್ಣ. ನೀ ತೂಕಕ್ಕ ಮದ್ಲು ಬರೇ ತಕ್ಕಡಿ ನೋಡಂಗಿಲ್ಲೇನು?"

ಪರೀಕ್ಷೆ ಮಾಡದಿದ್ದರೆ? ಆ ಯಂತ್ರ ಸುಮ್ಮನೆ ಓಡಿ, ಎಲ್ಲ ಮುಗಿದ ಮೇಲೆ ಪರದೆಯ ಮೇಲೆ 'ನಲ್ ಪಾಯಿಂಟರ್' ಎಂದು ತೋರಿಸುತ್ತಿತ್ತು. ಹೆಣ ಎತ್ತಿದ ಮೇಲೆ ರೋಗದ ಹೆಸರು ಹೇಳುವ ವೈದ್ಯ!

ಆಗ ನನ್ನ ಹೆಂಡತಿಗೆ ದಿನ ತುಂಬಿದ್ದವು. ರಾಯಚೂರಿಗೆ ಒಯ್ಯಲು ಜೀಪು ಗೊತ್ತುಮಾಡಿದ್ದೆ, ಅರ್ಧ ಬಾಡಿಗೆಗೆ.

"ಜೀಪು ಬರಲಿಲ್ಲಂದ್ರ?" ಎಂದ ಇವನು. "ದೇವದುರ್ಗದಾಗ ಇನ್ನೊಂದು ಅದ, ಹೇಳಿ ಇಡಲೇನು?"

"ಅಪಶಕುನ ನುಡೀಬ್ಯಾಡ. ಒಂದು ಹೆರಿಗಿಗೆ ಎರಡು ಜೀಪೇನು, ಮೆರವಣಿಗಿನಾ?"

ಮನೆಮಂದಿಯೆಲ್ಲ ನಕ್ಕರು. ಅವಳೂ ನಕ್ಕಳು.

ಜೀಪು ಬರಲಿಲ್ಲ. ಹೆಚ್ಚು ಬಾಡಿಗೆ ಕೊಟ್ಟವರ ಮದುವೆಗೆ ಹೋಗಿತ್ತು. ಭತ್ತದ ಲಾರಿಯಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟೆವು. ರಾಯಚೂರು ಮುಟ್ಟಿದಾಗ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ.

ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಈಗಲೂ ಹೇಳುತ್ತೇನೆ: ಅಗ್ಗಕ್ಕೆ ಒಪ್ಪಿದವನು ಬಾರದಿದ್ದರೆ ಏನು ಮಾಡುವುದೆಂದು ಮೊದಲೇ ಕೇಳಿಕೊಳ್ಳಿ.

ಅವನು ಮಾತ್ರ 'ನಾ ಹೇಳಿದ್ದೆ' ಎನ್ನಲಿಲ್ಲ. ಮಣ್ಣು ಮಾಡಿ ಮೂರು ದಿನವಾಗಿತ್ತು. ಗಿರಣಿಯ ಕದ ಮುಚ್ಚಿಕೊಂಡು ಒಳಗೆ ಒಬ್ಬನೇ ಕುಳಿತಿದ್ದೆ. ಹೊರಗಿನಿಂದ ಅದೇ ದನಿ.

"ಅಣ್ಣಾ, ಅದೀಯೇನು?"

ಮತ್ತೆ ಕೇಳಿದ. ಬೈಯಲು ಬಾಯಿ ಬರಲಿಲ್ಲ.

"ಅದೀನಿ," ಎಂದೆ.

"ಹಂಗಾದ್ರ ಕದ ತಗಿ. ಬುತ್ತಿ ತಂದೀನಿ."